ಪಿಎಲ್‌ಸಿ ಅಂದ್ರೆ ಎಂತ? ರೈಸ್ ಮಿಲ್ ಪ್ಯಾನೆಲ್ ಬಗ್ಗೆ ಡೌಟು

ತೀರ್ಥಳ್ಳಿ ಹುಡುಗ:
ನಮಸ್ಕಾರ, ಐಟಿಐ ಎಲೆಕ್ಟ್ರಿಷಿಯನ್ ಮುಗ್ಸಿ ಈಗ ಶಿವಮೊಗ್ಗ ಹತ್ರ ಒಂದು ರೈಸ್ ಮಿಲ್ಲಲ್ಲಿದೀನಿ, ಹಳೇ ಪ್ಯಾನೆಲ್ ತುಂಬ ರಿಲೇ (ಕರೆಂಟಿಂದ ಆನ್-ಆಫ್ ಆಗೋ ಸ್ವಿಚ್ಚು), ಟೈಮರು, ಅದು ಹೆಂಗೋ ಅರ್ಥ ಆಗುತ್ತೆ, ಆದ್ರೆ ಹೊಸ ಪ್ಯಾಕಿಂಗ್ ಮಷಿನ್ನಲ್ಲಿ ಒಂದೇ ಡಬ್ಬಿ, ಅದ್ರಲ್ಲಿ ಎಕ್ಸ್0, ಎಕ್ಸ್1, ವೈ0, ವೈ1 ಅಂತ ಪುಟ್ಟ ಲೈಟು ಮಿಣುಕ್ತಾವೆ. ಪಿಎಲ್‌ಸಿ ಅಂತೆ. ಒಳಗೆ ಎಂತ ನಡಿಯುತ್ತೆ? ರಿಲೇಲೇ ಆಗೋ ಕೆಲ್ಸಕ್ಕೆ ಇದ್ಯಾಕೆ?

ಮೇಂಟೆನೆನ್ಸ್ ಮಾಚೇನಹಳ್ಳಿ:
ಪಿಎಲ್‌ಸಿ ಅಂದ್ರೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್, ಮಷಿನ್ ನಡ್ಸೋ ಪುಟ್ಟ ಕಂಪ್ಯೂಟರ್. ಎಕ್ಸ್ ಇನ್‌ಪುಟ್ (ಬಟನ್, ಸೆನ್ಸರಿಂದ ಒಳಗೆ ಬರೋ ಸಿಗ್ನಲ್), ವೈ ಔಟ್‌ಪುಟ್ (ಮೋಟ್ರು, ಗೇಟಿಗೆ ಹೋಗೋ ಸಿಗ್ನಲ್). ಮಿತ್ಸುಬಿಷಿ, ಡೆಲ್ಟಾದಲ್ಲಿ ಹಂಗೆ, ಸೀಮೆನ್ಸಲ್ಲಿ ಐ, ಕ್ಯೂ ಅಂತ ಬರುತ್ತೆ. ಅದು ಎಲ್ಲಾ ಇನ್‌ಪುಟ್ ಓದುತ್ತೆ, ಪ್ರೋಗ್ರಾಂ ಮೇಲಿಂದ ಕೆಳಗೆ ಓಡ್ಸುತ್ತೆ, ಔಟ್‌ಪುಟ್ ಬದಲಾಯ್ಸುತ್ತೆ, ಮತ್ತೆ ಮೊದ್ಲಿಂದ, ಒಂದು ಸುತ್ತು ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡು. ನಿಮ್ ಮಷಿನ್ ಹತ್ರ ನಿಂತು ನೋಡಿ, ಚೀಲ ಕ್ಲಾಂಪ್ ಆದ ತಕ್ಷಣ ಒಂದು ಎಕ್ಸ್ ಉರಿಯುತ್ತೆ, ಹಿಂದೇನೇ ಒಂದು ವೈ ಉರಿದು ಗೇಟ್ ತೆಗಿಯುತ್ತೆ, ತೂಕ ಬಂತು ಅಂತ ಸಿಗ್ನಲ್ ಬಂದ್ರೆ ಆ ವೈ ಆಫ್. ಅರ್ಧ ಫಾಲ್ಟು ಆ ಲೈಟ್ ನೋಡೇ ಹಿಡೀಬೋದು ಕಣ್ರೀ, ಲ್ಯಾಪ್‌ಟಾಪೇ ಬೇಡ.

ಯಾಕೆ ಬಂತು ಅಂದ್ರೆ, ಅಮೆರಿಕದ ಜನರಲ್ ಮೋಟಾರ್ಸ್‌ನವ್ರಿಗೆ ಕಾರ್ ಮಾಡೆಲ್ ಬದಲಾದಾಗೆಲ್ಲ ರಿಲೇ ಪ್ಯಾನೆಲ್ ವೈರಿಂಗ್ ಬಿಚ್ಚಿ ಕಟ್ಟೋ ಗೋಳು, ಅದಕ್ಕೆ 1969ರಲ್ಲಿ ಮೋಡಿಕಾನ್ 084 ಅನ್ನೋ ಪಿಎಲ್‌ಸಿ ಬಂತು. ಪಿಎಲ್‌ಸಿಗೆ ಏಣಿ ಥರ ಚಿತ್ರದಲ್ಲಿ ಬರಿಯೋ ಲ್ಯಾಡರ್ ಪ್ರೋಗ್ರಾಂ ರಿಲೇ ಡ್ರಾಯಿಂಗ್ ಥರನೇ ಇರೋದೂ ಎಲೆಕ್ಟ್ರಿಷಿಯನ್ನರಿಗೆ ಅರ್ಥ ಆಗ್ಲಿ ಅಂತ್ಲೇ.

ಸಾಗರದ ಭಟ್ರು:
ಎಲ್ಲದಕ್ಕೂ ಪಿಎಲ್‌ಸಿ ಬೇಡ ಮಾರಾಯ್ರೆ, ತೋಟದ ಪಂಪ್‌ಸೆಟ್ಟಿಗೆ ಸ್ಟಾರ್ಟರು, ಟೈಮರು ಸಾಕು. ಹಾಲಿನ ಪ್ಯಾಕೆಟ್ ಮಷಿನ್, ಕುಡಿಯೋ ನೀರಿನ ಪ್ಲಾಂಟು, ಹತ್ತಾರು ಮೋಟ್ರು ಒಂದಾದ ಮೇಲೊಂದು ಶುರು ಆಗ್ಬೇಕು ಅನ್ನೋ ಕಡೆ ಹಾಕಿ. ನಮ್ ಕಡೆ ಸಿಡ್ಲು ಬೇರೆ, ಅರ್ಥಿಂಗ್ ಸರಿ ಇರ್ಲಿ, ಸರ್ಜ್ ಪ್ರೊಟೆಕ್ಟರ್ ಹಾಕ್ಸಿ, ಪ್ರೋಗ್ರಾಂ ಬ್ಯಾಕಪ್ ಮಷಿನ್ ಕೊಟ್ಟವ್ರ ಹತ್ರ ಈಗ್ಲೇ ಇಸ್ಕೊಳಿ, ಆಮೇಲೆ ಫೋನೇ ಎತ್ತಲ್ಲ ಅವ್ರು.

ತೀರ್ಥಳ್ಳಿ ಹುಡುಗ:
ಥ್ಯಾಂಕ್ಸ್ ಸರ್. ಇನ್ನೊಂದು, ಸ್ಟಾಪ್ ಬಟನ್ ಒತ್ತದೇ ಇದ್ರೂ ಎಕ್ಸ್1 ಉರೀತಾನೇ ಇರುತ್ತೆ, ವೈರಿಂಗ್ ತಪ್ಪಾ?

ಮೇಂಟೆನೆನ್ಸ್ ಮಾಚೇನಹಳ್ಳಿ:
ಸರಿಯಾಗೇ ಇದೆ. ಸ್ಟಾಪ್ ಯಾವಾಗ್ಲೂ ಎನ್‌ಸಿ (ನಾರ್ಮಲಿ ಕ್ಲೋಸ್ಡ್, ಒತ್ತದೇ ಇದ್ದಾಗ ಕರೆಂಟ್ ಹರಿಯುತ್ತೆ, ಒತ್ತಿದ್ರೆ ಕಡಿಯುತ್ತೆ). ಇಲಿ ವೈರ್ ಕಡಿದ್ರೂ ಇನ್‌ಪುಟ್ ಹೋಗಿ ಮಷಿನ್ ನಿಲ್ಲುತ್ತೆ, ಎನ್‌ಓ (ನಾರ್ಮಲಿ ಓಪನ್, ಒತ್ತಿದಾಗ ಮಾತ್ರ ಕರೆಂಟ್ ಹರಿಯೋದು) ಹಾಕಿದ್ರೆ ವೈರ್ ತುಂಡಾಗಿದ್ದು ಸ್ಟಾಪ್ ಒತ್ತಿದಾಗ್ಲೇ ಗೊತ್ತಾಗೋದು. ಒತ್ತದೇ ಇದ್ದಾಗ ಎಕ್ಸ್1 ಆನ್ ಇರೋದ್ರಿಂದ ಲ್ಯಾಡರಲ್ಲಿ ಮಾತ್ರ ಅದನ್ನ ಎನ್‌ಓ ಕಾಂಟ್ಯಾಕ್ಟ್ ಅಂತ ಹಾಕ್ಬೇಕು, ಹೊಸಬ್ರು ತಲೆ ಕೆಡಿಸ್ಕೊಳೋದೇ ಇಲ್ಲಿ. ಎಮರ್ಜೆನ್ಸಿ ಸ್ಟಾಪನ್ನ ಬರೀ ಪ್ರೋಗ್ರಾಂ ಮೇಲೆ ಬಿಟ್ಟಿದಾರಾ ನೋಡಿ, ಅದು ನೇರ ಮೋಟ್ರಿಗೆ ಕರೆಂಟ್ ಕೊಡೋ ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಕಾಯಿಲ್ ಸಪ್ಲೈನೇ ಕಡೀಬೇಕು. ಇಲ್ಲಾಂದ್ರೆ ನಾಳೆನೇ ಓನರ್‌ಗೆ ಹೇಳಿ ಸರಿ ಮಾಡ್ಸಿ.