ಕ್ರೆಡಿಟ್ 124 ಇದ್ದರೂ ಪದವಿ ಸಿಗುವುದಿಲ್ಲವೇ? ಕೋರ್ಸ್ ಸಂಖ್ಯೆ, ಕ್ರೆಡಿಟ್ ಲೆಕ್ಕದ ಪ್ರಶ್ನೋತ್ತರ

ಅಡ್ಮಿನ್: ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಡಿಸೆಂಬರಿನಲ್ಲಿ ತಂದ ಪದವಿ ಚೌಕಟ್ಟಿನ ಬಗ್ಗೆ ಇವತ್ತು ಪರೀಕ್ಷಾಂಗದ ಮೇಡಂ ಉತ್ತರಿಸುತ್ತಾರೆ. ಕೇಳಿ.

ಬಿಎಸ್ಸಿ ವಿದ್ಯಾರ್ಥಿ: ನಮಸ್ತೆ ಮೇಡಂ. ಕೋರ್ಸ್ ಕೋಡ್‌ನಲ್ಲಿ 101, 204, 305 ಅಂತ ಇರುತ್ತಲ್ಲ, ಏನರ್ಥ?

ಮೇಡಂ: ನೂರರ ಸ್ಥಾನ ನೋಡಿ. 100–199 ಬುನಾದಿ, 200–299 ಮಧ್ಯಮ, 300–399 ಮೇಲ್ಮಟ್ಟ, 400–499 ನಾಲ್ಕನೇ ವರ್ಷದ್ದು. 500, 600 ಸ್ನಾತಕೋತ್ತರ. 700 ದಾಟಿದರೆ ಪಿಎಚ್‌ಡಿ ಮಟ್ಟ. 100ಕ್ಕಿಂತ ಕೆಳಗಿನದು ಪೂರ್ವಸಿದ್ಧತೆಗೆ: ಪಾಸು ಅಥವಾ ಫೇಲು ಅಷ್ಟೇ, ಕ್ರೆಡಿಟ್ ಇಲ್ಲ. ಒಂದು ಎಚ್ಚರ: ಕೆಲವು ಕಡೆ ಮೊದಲ ಅಂಕಿ ಸೆಮಿಸ್ಟರನ್ನು ಹೇಳುತ್ತದೆ. ಅಲ್ಲಿ 301 ಎಂದರೆ ಮೂರನೇ ಸೆಮ್‌ನ ಪೇಪರು, 300ರ ಮಟ್ಟವಲ್ಲ. ನಿಮ್ಮ ಸಿಲಬಸ್ ಪುಸ್ತಕದಲ್ಲಿ ಕೋಡ್‌ನ ವಿವರಣೆ ನೋಡದೆ ಊಹೆ ಮಾಡಬೇಡಿ.

ಪೋಷಕರು: ಕ್ರೆಡಿಟ್ ಅಂದರೆ ಮಾರ್ಕ್ಸ್ ಅಲ್ವಾ?

ಮೇಡಂ: ಅಲ್ಲ. ಕಲಿಕೆಗೆ ಕೊಟ್ಟ ಸಮಯದ ಅಳತೆ. ಪಾಸಾದರೆ ಪೂರ್ತಿ ಕ್ರೆಡಿಟ್, ಫೇಲಾದರೆ ಸೊನ್ನೆ. ಅರ್ಧ ಕ್ರೆಡಿಟ್ ಸಿಗುವುದಿಲ್ಲ.

ಬಿಸಿಎ ವಿದ್ಯಾರ್ಥಿ: ನಮ್ಮ ಸಿಲಬಸ್‌ನಲ್ಲಿ 3-0-2 ಅಂತಿದೆ. ಐದು ಕ್ರೆಡಿಟ್ಟಾ?

ಉಪನ್ಯಾಸಕ: ನಾಲ್ಕು. ವಾರಕ್ಕೆ ಪಾಠ 3 ಗಂಟೆ, ಟ್ಯುಟೋರಿಯಲ್ (ಚರ್ಚೆ, ಅಭ್ಯಾಸದ ತರಗತಿ) ಇಲ್ಲ, ಲ್ಯಾಬ್ 2 ಗಂಟೆ. ಲ್ಯಾಬ್‌ನ ಎರಡು ಗಂಟೆಗೆ ಒಂದು ಕ್ರೆಡಿಟ್.

ಪೋಷಕರು: ಟ್ಯುಟೋರಿಯಲ್‌ಗೂ ಎರಡು ಗಂಟೆಗೆ ಒಂದೇ ಅಂತ ಮಗನ ಕಾಲೇಜಿನಲ್ಲಿ ಹೇಳಿದ್ದಾರೆ.

ಉಪನ್ಯಾಸಕ: ಈ ಚೌಕಟ್ಟಿನಲ್ಲಿ ಟ್ಯುಟೋರಿಯಲ್ ಒಂದು ಗಂಟೆಗೆ ಒಂದು ಕ್ರೆಡಿಟ್. 15 ವಾರಕ್ಕೆ 15 ಗಂಟೆ. ಲ್ಯಾಬ್, ಕ್ಷೇತ್ರಕಾರ್ಯಕ್ಕೆ 30.

ಪೋಷಕರು: ಕಾಲೇಜಿನವರು ಸುಳ್ಳು ಹೇಳ್ತಾರಾ?

ಉಪನ್ಯಾಸಕ: ಸುಳ್ಳು ಅಂದೆನಾ? ಸಿಲಬಸ್ ತೆಗೆದು ಓದಿ ಅಂತಿದ್ದೀನಿ.

ಬಿಎ ವಿದ್ಯಾರ್ಥಿನಿ: ಮೇಡಂ, ನಾನು ಆರನೇ ಸೆಮ್. ಈ ಸೆಮ್‌ನದೂ ಸೇರಿ ಒಟ್ಟು 124 ಕ್ರೆಡಿಟ್ ಆಗುತ್ತೆ. 120 ಸಾಕು ಅಂತ ಮೂರು ಕ್ರೆಡಿಟ್‌ನ ನಾಲ್ಕು ಆನ್‌ಲೈನ್ ಕೋರ್ಸ್ ಮುಗಿಸಿ, ಮೇಜರ್‌ನ (ಮುಖ್ಯ ವಿಷಯದ) ಎರಡು ಪೇಪರ್ ಬಿಟ್ಟೆ. ಪದವಿಗೆ ತೊಂದರೆ ಇಲ್ಲ ತಾನೇ? ಮೇಜರ್ 52, ಮೈನರ್ (ಉಪವಿಷಯ) 24, ಬಹುಶಿಸ್ತೀಯ (ಬೇರೆ ಶಿಸ್ತುಗಳ ಕೋರ್ಸ್) 15, ಭಾಷೆ 8, ಕೌಶಲ 15, ಮೌಲ್ಯವರ್ಧಿತ 6, ಇಂಟರ್ನ್‌ಶಿಪ್ 4.

ಮೇಡಂ: ತೊಂದರೆ ಇದೆಯಮ್ಮ, ನಿಧಾನವಾಗಿ ಓದಿ. ಮೂರು ವರ್ಷದ ಪದವಿಗೆ 120 ಒಟ್ಟು ಮೊತ್ತ ಮಾತ್ರ. ಒಳಗೆ ಒಂದೊಂದು ವಿಭಾಗಕ್ಕೂ ಕನಿಷ್ಠ ಇದೆ: ಮೇಜರ್ 60, ಮೈನರ್ 24, ಬಹುಶಿಸ್ತೀಯ 9, ಭಾಷಾ ಸಾಮರ್ಥ್ಯ 8, ಕೌಶಲ 9, ಮೌಲ್ಯವರ್ಧಿತ 6ರಿಂದ 8, ಇಂಟರ್ನ್‌ಶಿಪ್ 2ರಿಂದ 4. ಬಹುಶಿಸ್ತೀಯದಲ್ಲಿ 6, ಕೌಶಲದಲ್ಲಿ 6 ಹೆಚ್ಚಾಗಿದೆ. ಆ 12 ಮೇಜರ್‌ನಲ್ಲಿರುವ 8ರ ಕೊರತೆಯನ್ನು ತುಂಬುವುದಿಲ್ಲ. ಒಂದು ಡಬ್ಬಿಯಲ್ಲಿ ಉಕ್ಕಿದ್ದನ್ನು ಇನ್ನೊಂದಕ್ಕೆ ಸುರಿಯಲು ಬರುವುದಿಲ್ಲ.

ನಾಳೆಯೇ ಮಾಡಬೇಕಾದ್ದು: ಎಲ್ಲ ಸೆಮ್‌ಗಳ ಅಂಕಪಟ್ಟಿ ಇಟ್ಟುಕೊಂಡು ಪ್ರತಿ ಕೋರ್ಸನ್ನೂ ಮೇಲಿನ ಒಂದೇ ವಿಭಾಗದ ಕೆಳಗೆ ಬರೆಯಿರಿ. ಒಂದೇ ಪಠ್ಯವನ್ನು ಕ್ಲಾಸಿನಲ್ಲೂ ಆನ್‌ಲೈನಿನಲ್ಲೂ ಓದಿದ್ದರೆ ಎರಡು ಸಲ ಲೆಕ್ಕ ಹಾಕಬೇಡಿ. ಬಿಟ್ಟ ಎರಡು ಪೇಪರ್ ನಾಲ್ಕು ನಾಲ್ಕು ಕ್ರೆಡಿಟ್‌ನವಾಗಿದ್ದರೆ ಕೊರತೆ ಸರಿಯಾಗಿ 8. ಅವು ಯಾವ ಮಟ್ಟದವು ನೋಡಿ. 300ರವಾದರೆ ಅವಕ್ಕೆ ಬೇಕಾದ 200ರ ಪೇಪರ್ ಪಾಸಾಗಿದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ವಿಭಾಗದ ಮುಖ್ಯಸ್ಥರನ್ನು ಕೇಳಿ: ಈ ಪೇಪರ್ ಬೆಸ ಸೆಮ್‌ನಲ್ಲಿ ನಡೆಯುತ್ತದೋ ಸಮ ಸೆಮ್‌ನಲ್ಲೋ? ಬೆಸದಲ್ಲಿ ಮಾತ್ರ ಇದ್ದರೆ ಮುಂದಿನ ಬೆಸ ಸೆಮ್‌ವರೆಗೆ ಕಾಯಬೇಕು. ಸಮದಲ್ಲಿದ್ದರೆ ನೋಂದಣಿ ಕೊನೆಯ ದಿನ ದಾಟುವ ಮುಂಚೆ ಅರ್ಜಿ ಕೊಡಿ. ಉತ್ತರ ಬರಹದಲ್ಲೇ ಪಡೆಯಿರಿ.

ಬಿಎ ವಿದ್ಯಾರ್ಥಿನಿ: ಆನ್‌ಲೈನ್ ಕೋರ್ಸನ್ನು ಮೇಜರ್‌ಗೆ ಬದಲಿಸಿಕೊಳ್ಳಬಹುದಾ?

ಮೇಡಂ: ಆ ಕೋರ್ಸನ್ನು ಇದೇ ಮೇಜರ್ ಪೇಪರಿಗೆ ಸಮಾನ ಎಂದು ನಿಮ್ಮ ವಿಶ್ವವಿದ್ಯಾಲಯ ಮೊದಲೇ ಒಪ್ಪಿದ್ದರೆ ಮಾತ್ರ. ಕೋರ್ಸಿನ ಹೆಸರು ಹೋಲುತ್ತದೆ ಅನ್ನುವುದು ಸಾಲದು.

ಬಿಕಾಂ ಪೋಷಕ: ಫಾರ್ವರ್ಡ್ ಬಂದಿದೆ: 40 ಕ್ರೆಡಿಟ್ ಆದ ಕೂಡಲೆ ಸರ್ಟಿಫಿಕೇಟ್ ತಾನಾಗಿ ಬರುತ್ತೆ, ಸಿಜಿಪಿಎಯನ್ನು (ಎಲ್ಲ ಸೆಮ್‌ಗಳ ಸರಾಸರಿ ಗ್ರೇಡ್ ಅಂಕ) 10ರಿಂದ ಗುಣಿಸಿದರೆ ಶೇಕಡಾ.

ಮೇಡಂ: ಎರಡನ್ನೂ ನಂಬಬೇಡಿ, ದಯವಿಟ್ಟು ಹಂಚಬೇಡಿ. ಮೊದಲ ವರ್ಷಕ್ಕೇ ಹೊರಬಂದರೆ 40ರ ಜೊತೆಗೆ ಬೇಸಿಗೆಯಲ್ಲಿ 4 ಕ್ರೆಡಿಟ್‌ನ ವೃತ್ತಿಪರ ಕೋರ್ಸ್ ಪೂರೈಸಿರಬೇಕು. ಶೇಕಡಾ ಸೂತ್ರ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. ಫಾರ್ವರ್ಡ್ ನೋಡಿಕೊಂಡು ಉದ್ಯೋಗದ ಅರ್ಜಿಯಲ್ಲಿ ತಪ್ಪು ಶೇಕಡಾ ತುಂಬಿದರೆ ಅರ್ಜಿ ತಿರಸ್ಕಾರವಾಗಬಹುದು.

ಬಿಕಾಂ ಪೋಷಕ: ಎಲ್ಲರೂ ಹಾಗೇ ಮಾಡ್ತಾರೆ ಮೇಡಂ.

ಮೇಡಂ: ಎಲ್ಲರೂ ಮಾಡಿದರೂ ಅದು ತಪ್ಪೇ.

ಇನ್ನೊಬ್ಬ ವಿದ್ಯಾರ್ಥಿ: 305 ಅಂದರೆ ಕ್ರೆಡಿಟ್ ಜಾಸ್ತಿ ಅಂತಾನಾ?

ಮೇಡಂ: ಸಂಖ್ಯೆ ಮಟ್ಟಕ್ಕೆ, ಕ್ರೆಡಿಟ್ ಸಮಯಕ್ಕೆ. ಮೇಲೆ ಓದಿ.

ಉಪನ್ಯಾಸಕ: ನಾಲ್ಕು ವರ್ಷದ ಸಂಶೋಧನಾ ಆನರ್ಸ್‌ಗೆ ಮೊದಲ ಆರು ಸೆಮ್‌ನಲ್ಲಿ ಶೇ 75 ಬೇಕು, ನಾಲ್ಕನೇ ವರ್ಷದಲ್ಲಿ 12 ಕ್ರೆಡಿಟ್ ಸಂಶೋಧನೆಗೆ. ನಾಲ್ಕು ವರ್ಷಕ್ಕೆ ಒಟ್ಟು 160. ಇದನ್ನೂ ತಿಳಿದಿರಿ.

ಬಿಕಾಂ ಪೋಷಕ: ಯಾವ ನಾಲ್ಕನೇ ವರ್ಷ? ರಾಜ್ಯದಲ್ಲಿ 2024-25ರಿಂದ ಮೂರು ವರ್ಷದ ಪದವಿ ಮತ್ತೆ ಬಂದಿದೆ.

ಉಪನ್ಯಾಸಕ: ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವವರೂ ಈ ಗ್ರೂಪ್‌ನಲ್ಲಿದ್ದಾರೆ.

ಬಿಕಾಂ ಪೋಷಕ: ಹಾಗಾದರೆ ಅವರಿಗೆ ಬೇರೆ ಗ್ರೂಪ್ ಮಾಡಿ. ಎಲ್ಲರ ತಲೆ ಕೆಡಿಸಬೇಡಿ.

ಉಪನ್ಯಾಸಕ: ನಿಮ್ಮ ಫಾರ್ವರ್ಡ್‌ಗಿಂತ ಇದು ಎಷ್ಟೋ ವಾಸಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮೇಡಂ: ಅವರವರು ಸೇರಿದ ವರ್ಷದ, ಅವರವರ ವಿಶ್ವವಿದ್ಯಾಲಯದ ನಿಯಮವೇ ಅವರಿಗೆ. ಜಗಳ ಬೇಡ.

ಎಂಎ ವಿದ್ಯಾರ್ಥಿ: ಮೇಡಂ, ಗಳಿಸಿದ ಕ್ರೆಡಿಟ್ ಜಮಾ ಇಡುವ ಆನ್‌ಲೈನ್ ಕ್ರೆಡಿಟ್ ಬ್ಯಾಂಕ್‌ನಲ್ಲಿಟ್ಟ ಕ್ರೆಡಿಟ್ ಎಷ್ಟು ವರ್ಷ ಬಾಳುತ್ತೆ?

ಮೇಡಂ: ಗರಿಷ್ಠ 7 ವರ್ಷ.

ಎಂಎ ವಿದ್ಯಾರ್ಥಿ: ಯುರೋಪಿನಲ್ಲಿ ವರ್ಷಕ್ಕೆ 60 ಕ್ರೆಡಿಟ್ ಅಂತಾರೆ, ನಮ್ಮ 40 ಅಲ್ಲಿ ಕಮ್ಮಿಯಾಗುತ್ತಾ?

ಪೋಷಕರು: ಟ್ಯುಟೋರಿಯಲ್ ಬಗ್ಗೆ ನನಗಿನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ.

ಬಿಎ ವಿದ್ಯಾರ್ಥಿನಿ: ಮೇಡಂ, ಪಟ್ಟಿ ಮಾಡಿದೆ. ಎರಡೂ 300ರ ಪೇಪರ್. ಅದರಲ್ಲಿ ಒಂದು ಸಮ ಸೆಮ್‌ನದು, ಅಂದರೆ ಈಗಲೇ ನಡೀತಿದೆ.

ಮೇಡಂ: ಹಾಗಾದರೆ ಅದಕ್ಕೆ ಇವತ್ತೇ ಅರ್ಜಿ ಬರೆಯಿರಿ. ಇನ್ನೊಂದರ ಮಾತು ಆಮೇಲೆ.