ಪದಚರ್ಚೆ: ಕ್ಯಾಮರಾಕ್ಕೆಂದೇ ನಡೆಯುವ ಕಾರ್ಯಕ್ರಮಕ್ಕೆ ಏನೆನ್ನೋಣ?

ಬಲ್ಲವರಲ್ಲಿ ಒಂದು ಪ್ರಶ್ನೆ. ರಾಜಕೀಯ ನಾಯಕರು ಕ್ಯಾಮರಾಕ್ಕೆಂದೇ ಏರ್ಪಾಟು ಮಾಡಿಸಿಕೊಳ್ಳುವುದಿದೆಯಲ್ಲ, ಇಂಗ್ಲಿಷಿನ ‘ಫೋಟೋ ಆಪ್’, ಅದಕ್ಕೆ ನಿಮ್ಮ ಕಡೆ ಬಳಕೆಯಲ್ಲಿರುವ ಮಾತು ಯಾವುದು? ನಮ್ಮ ಕಾಸರಗೋಡಿನಲ್ಲಿ ‘ಪಟ ತೆಗೆಸ್ಲಿಕ್ಕೆ ಬಂದದ್ದು’ ಎಂದುಬಿಡುತ್ತೇವೆ. ಮಲಯಾಳದ ‘ವೇಷಂಕೆಟ್ಟ್’ (ವೇಷ ಕಟ್ಟುವುದು) ಕೂಡ ಕಿವಿಗೆ ಬೀಳುತ್ತದೆ. ಪತ್ರಿಕೆಗಳ ‘ಭಂಗಿ’ ಮೈಯ ನಿಲುವಿಗಷ್ಟೇ ಸಾಕು.

‘ಸೋಗು’, ‘ನಾಟಕ’ ಎಂದರೆ ಸುಳ್ಳಿನ ಆರೋಪ ಅಂಟಿಕೊಳ್ಳುತ್ತದೆ. 2003ರ ಮೇ 1ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಪೈಲಟ್ ದಿರಿಸು ತೊಟ್ಟು ‘ಅಬ್ರಹಾಂ ಲಿಂಕನ್’ ಯುದ್ಧನೌಕೆಯ ಮೇಲೆ ವಿಮಾನದಲ್ಲಿ ಬಂದಿಳಿದದ್ದು ಸುಳ್ಳೇನಲ್ಲ. ನೌಕೆ ಕ್ಯಾಲಿಫೋರ್ನಿಯಾ ಕರಾವಳಿಯ ಹತ್ತಿರವೇ ಇತ್ತು. ಹೋಗುವುದಕ್ಕೆ ಹೆಲಿಕಾಪ್ಟರ್ ಸಾಕಿತ್ತು, ಪಟಕ್ಕೆ ಸಾಲುತ್ತಿರಲಿಲ್ಲ! ಅಲ್ಲಿನ ಹಿಂದಿನ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಗಾಲಿಕುರ್ಚಿ ಪಟಗಳಲ್ಲಿ ಬಾರದಂತೆ ನೋಡಿಕೊಂಡದ್ದು ಬೇರೆಯೇ ಬಗೆ. ಅದಕ್ಕೆ ‘ಮರೆಮಾಚು’ ಇದೆ. 1946ರಲ್ಲಿ ಅಮೆರಿಕದ ಛಾಯಾಗ್ರಾಹಕಿ ಮಾರ್ಗರೆಟ್ ಬರ್ಕ್‌ವೈಟ್ ತೆಗೆದ ಗಾಂಧಿ ಮತ್ತು ಚರಕದ ಪಟವನ್ನೂ ಈ ಸಾಲಿಗೆ ಸೇರಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಟದ ಬಲ ಗಾಂಧೀಜಿಗೂ ಗೊತ್ತಿತ್ತು, ನಿಜ; ಆದರೆ ಕ್ಯಾಮರಾ ಇಲ್ಲದ ದಿನವೂ ಅವರು ನೂಲುತ್ತಿದ್ದರು. ನನಗೆ ಬೇಕಾದ ಪದ, ಕ್ಯಾಮರಾ ಬಾರದಿದ್ದರೆ ನಡೆಯುತ್ತಲೇ ಇರಲಿಲ್ಲ ಎನ್ನುವಂಥ ಕೆಲಸಕ್ಕೆ.

ಈ ಮಳೆಗಾಲ ನಮ್ಮೂರ ಗದ್ದೆಯಲ್ಲಿ ಒಬ್ಬ ನಾಯಕರು ನೇಜಿ (ಭತ್ತದ ಸಸಿ) ನೆಟ್ಟ ಪಟ ಎಲ್ಲರ ಮೊಬೈಲಿಗೂ ಬಂತು. ನೇಜಿ ನೆಡುವವರ ಕಣ್ಣು ಕೆಸರಲ್ಲಿರುತ್ತದೆ, ಇವರ ಕಣ್ಣು ನಮ್ಮ ಮೇಲಿದೆ. ನೆಡುವವರು ಹಿಂದೆ ಹಿಂದೆ ಸರಿಯುತ್ತ ಹೋಗುವುದರಿಂದ ನೆಟ್ಟ ಸಾಲು ಎದುರಿಗಿರಬೇಕು. ಪಟದಲ್ಲಿ ಅದು ಅವರ ಬೆನ್ನ ಹಿಂದಿದೆ. ನಿಜಕ್ಕೂ ನೆಟ್ಟ ಹೆಂಗಸರು ಬದುವಿನ ಮೇಲೆ ಅರ್ಧರ್ಧ ಕಾಣುತ್ತಾರೆ.

ನನಗೆ ಹೊಳೆದದ್ದು ‘ಒಡ್ಡೋಲಗ’. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಈ ಪದವನ್ನು ಯಕ್ಷಗಾನವೇ ಕಲಿಸಿದೆ: ಇಬ್ಬರು ಹಿಡಿದ ತೆರೆಯ ಹಿಂದೆ ಮೊದಲು ಕಿರೀಟದ ತುದಿಯಷ್ಟೇ ಕಾಣಿಸಿ, ಆಮೇಲೆ ಪೂರ್ತಿ ವೇಷ. ಹಳಗನ್ನಡದ ಅರಸರೂ ‘ಒಡ್ಡೋಲಗಂಗೊಟ್ಟು’, ಎಂದರೆ ತುಂಬಿದ ಸಭೆಯ ಓಲಗ ಕೊಟ್ಟು, ಕೂರುತ್ತಿದ್ದರು. ಇಲ್ಲಿನ ಕ್ರಿಯಾಪದ ಗಮನಿಸಿ. ಓಲಗ ಕೊಟ್ಟ, ದರ್ಶನ ಕೊಟ್ಟ, ಪೋಸು ಕೊಟ್ಟ, ಈಗ ಬಿಲ್ಡಪ್ ಕೊಟ್ಟ. ಕಾಣಿಸಿಕೊಳ್ಳುವವನನ್ನು ಕನ್ನಡ ಎಂದಿನಿಂದಲೂ ಕೊಡುಗೈ ದೊರೆಯೆಂದೇ ನಂಬಿದ ಹಾಗಿದೆ!

ಆದರೆ ಒಡ್ಡೋಲಗದಲ್ಲಿ ಕಪಟವಿಲ್ಲ, ವೇಷವೆಂದು ಎಲ್ಲರಿಗೂ ಗೊತ್ತು. ಕಲಾವಿದರು ಬೇಸರಪಟ್ಟುಕೊಂಡರೂ ತಪ್ಪಲ್ಲ. ಹಾಗಾಗಿ ‘ಪಟದೋಲಗ’ ಎಂದರೆ ನಡೆದೀತೇ? ‘ಮಂತ್ರಿಗಳು ಗದ್ದೆಯಲ್ಲಿ ಪಟದೋಲಗ ಕೊಟ್ಟರು.’ ಮೈಸೂರು ಕಡೆಯವರಿಗೆ ಓಲಗ ಎಂದೊಡನೆ ಮದುವೆಮನೆಯ ವಾದ್ಯ ಕೇಳಿಸೀತೆಂಬ ಅಳುಕೂ ಇದೆ. ಧಾರವಾಡ, ಬೆಳಗಾವಿ, ಸೊಲ್ಲಾಪುರದ ಕಡೆ ಬೇರೆ ಮಾತಿದ್ದರೆ ಒಂದು ವಾಕ್ಯದಲ್ಲಿ ಬಳಸಿ ತಿಳಿಸಿ.