ಕೈತೋಟದ ಹುಳು ಕಾಟಕ್ಕೆ ನೀವು ಏನು ಮಾಡುತ್ತೀರಿ?

ಪ್ರಶ್ನೆ: ಮೆಣಸಿನ ಗಿಡದ ಎಲೆಗಳೆಲ್ಲ ಮುದುಡಿಕೊಂಡಿವೆ. ಬದನೆಯ ಕುಡಿ ಬಾಡಿ ಬಾಗುತ್ತಿದೆ, ಬಿಟ್ಟ ಕಾಯಿಯಲ್ಲೂ ತೂತು. ಅಲಸಂದೆ ತುಂಬ ಹೇನು. ಎಲ್ಲಕ್ಕೂ ಬೇವಿನ ಎಣ್ಣೆ ಹೊಡೆದೆ, ಅಷ್ಟೇನೂ ಕಡಿಮೆ ಆಗಲಿಲ್ಲ. ಮನೆಯವರೇ ತಿನ್ನುವ ತರಕಾರಿ, ವಿಷ ಹೊಡೆಯಲು ಮನಸ್ಸು ಬರುತ್ತಿಲ್ಲ. ಅನುಭವ ಇದ್ದವರು ಹೇಳಿ.

ಉತ್ತರ: ಮೂರೂ ಗಿಡಕ್ಕೆ ಒಂದೇ ಔಷಧಿ ಸಾಕಾಗುವುದಿಲ್ಲ, ಯಾಕೆಂದರೆ ಮೂರರಲ್ಲೂ ಇರುವುದು ಬೇರೆ ಬೇರೆ ಹುಳು. ಬದನೆಯದು ಕುಡಿ ಮತ್ತು ಕಾಯಿ ಕೊರೆಯುವ ಹುಳು. ಮೊಟ್ಟೆ ಒಡೆದು ಬಂದ ಮರಿ ಬೇಗನೆ ಕುಡಿಯ ಒಳಗೆ ಸೇರಿಕೊಂಡುಬಿಡುತ್ತದೆ, ಆಮೇಲೆ ಮೇಲಿಂದ ಏನು ಸಿಂಪಡಿಸಿದರೂ ಅದಕ್ಕೆ ತಾಗುವುದಿಲ್ಲ. ಬಾಡಿದ ಒಂದು ಕುಡಿಯನ್ನು ಉದ್ದಕ್ಕೆ ಸೀಳಿ ನೋಡಿ. ದಂಟು ಟೊಳ್ಳಾಗಿ, ಒಳಗೆಲ್ಲ ಹಿಕ್ಕೆ ತುಂಬಿ, ನಸುಗೆಂಪು ಬಣ್ಣದ ಸಣ್ಣ ಹುಳು ಕಾಣಿಸುತ್ತದೆ. ಇದಕ್ಕೆ ಕತ್ತರಿಯೇ ಔಷಧಿ. ಬಾಡಿದ ಜಾಗದಿಂದ ಒಂದು ಇಂಚು ಕೆಳಗೆ ಕತ್ತರಿಸಿ, ತೂತು ಬಿದ್ದ ಕಾಯಿಗಳನ್ನೂ ಕಿತ್ತು, ಎಲ್ಲವನ್ನೂ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡಿ. ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ, ಅಲ್ಲಿಂದ ಪತಂಗವಾಗಿ ಮತ್ತೆ ಗಿಡಕ್ಕೇ ಬರುತ್ತದೆ. ಕುಡಿ ಕತ್ತರಿಸಿದ್ದಕ್ಕೆ ಹೆದರಬೇಡಿ, ಬದನೆ ಪಕ್ಕದಲ್ಲಿ ಚಿಗುರುತ್ತದೆ.

ಇನ್ನೊಬ್ಬರು: ಮೆಣಸಿನ ಎಲೆ ಯಾವ ಕಡೆ ಮುದುಡಿದೆ ಅಂತ ನೋಡಿದ್ದೀರಾ? ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಅನ್ನುವ ರಸ ಹೀರುವ ಪುಟ್ಟ ಕೀಟ. ಕೆಳಕ್ಕೆ ಬಾಗಿ, ಎಲೆಯ ತೊಟ್ಟು ಉದ್ದವಾಗಿದ್ದರೆ ಮೈಟ್ಸ್ ನುಸಿ. ಬಿಳಿ ಹಾಳೆಯ ಮೇಲೆ ಕುಡಿಯನ್ನು ತಟ್ಟಿದರೆ ಥ್ರಿಪ್ಸ್ ಸಣ್ಣ ಹಳದಿ ಗೆರೆಗಳ ಹಾಗೆ ಓಡಾಡುತ್ತವೆ. ಇವುಗಳಿಗೆ ಬೇವಿನ ಎಣ್ಣೆ ಕೆಲಸ ಮಾಡುತ್ತದೆ, ಆದರೆ ಹೊಡೆಯುವ ರೀತಿ ಸರಿಯಿರಬೇಕು. ಒಂದು ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಅದು ನೀರಿನಲ್ಲಿ ಬೆರೆಯಲು ಒಂದೆರಡು ಮಿಲಿ ಸೋಪಿನ ದ್ರಾವಣ. ಅವತ್ತು ಕಲಸಿದ್ದು ಅವತ್ತೇ ಖಾಲಿಯಾಗಬೇಕು. ಎಲೆಯ ಮೇಲೆ ಮಾತ್ರ ಹೊಡೆದರೆ ಸುಮ್ನೆ ದಂಡ, ಅವೆಲ್ಲ ಎಲೆಯ ಹಿಂಭಾಗದಲ್ಲಿ, ಕುಡಿಯ ಮಡಿಕೆಯಲ್ಲಿ ಇರುತ್ತವೆ. ಸಂಜೆ ಹೊಡೆಯಿರಿ, ಬಿಸಿಲಿನಲ್ಲಿ ಎಲೆ ಸುಡುತ್ತದೆ. ಒಂದು ಸಲ ಹೊಡೆದು ಬಿಟ್ಟರೆ ಆಗದು, ವಾರಕ್ಕೊಮ್ಮೆಯಂತೆ ಎರಡು ಮೂರು ವಾರ ಬೇಕು. ಹಳೆಯ ಎಲೆಯ ಸುಕ್ಕು ಹೋಗುವುದಿಲ್ಲ, ಹೊಸ ಚಿಗುರು ಹೇಗೆ ಬರುತ್ತಿದೆ ಅಂತ ನೋಡಿ. ಮೈಟ್ಸ್‌ಗೆ ನೀರಿನಲ್ಲಿ ಕರಗುವ ಗಂಧಕವೂ ಆಗುತ್ತದೆ, ಆದರೆ ಎಣ್ಣೆ ಹೊಡೆದ ಎರಡು ವಾರದೊಳಗೆ ಅದನ್ನು ಹೊಡೆಯಬೇಡಿ, ಎಲೆ ಸುಟ್ಟುಹೋಗುತ್ತದೆ.

ಮತ್ತೊಬ್ಬರು: ಅಲಸಂದೆ ಬಳ್ಳಿಯಲ್ಲಿ ಇರುವೆ ಓಡಾಡುತ್ತಿದೆಯಾ? ಇದ್ದರೆ ಮೊದಲು ಅದನ್ನು ನೋಡಿಕೊಳ್ಳಿ. ಹೇನು ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ, ತಿನ್ನಲು ಬಂದ ಗುಲಗಂಜಿ ಹುಳುವನ್ನೂ ಓಡಿಸುತ್ತವೆ. ನಾನು ಬೆಳಗ್ಗೆ ಪೈಪಿನಿಂದ ಜೋರಾಗಿ ನೀರು ಹೊಡೆಯುತ್ತೇನೆ, ಉದುರಿದ ಹೇನು ಹೆಚ್ಚಾಗಿ ಮತ್ತೆ ಹತ್ತುವುದಿಲ್ಲ. ತುಂಬಾ ಮುತ್ತಿದ ತುದಿಯನ್ನು ಚಿವುಟಿ ಹಾಕಿಬಿಡಿ. ಗಿಡಕ್ಕೆ ಯೂರಿಯಾ ತರಹದ್ದು ಜಾಸ್ತಿ ಕೊಡುತ್ತಿದ್ದರೆ ನಿಲ್ಲಿಸಿ, ಮೆತ್ತನೆ ಚಿಗುರು ಜಾಸ್ತಿ ಆದಷ್ಟೂ ಹೇನು ಜಾಸ್ತಿ.

ಒಂದು ಮಾತು ದಯವಿಟ್ಟು ಕೇಳಿ. ಹೇನಿನ ನಡುವೆ ಕಪ್ಪಗೆ ಉದ್ದಕ್ಕೆ, ಮೈಮೇಲೆ ಕಿತ್ತಳೆ ಚುಕ್ಕಿ ಇರುವ, ಪುಟ್ಟ ಮೊಸಳೆಯಂಥ ಹುಳು ಕಂಡರೆ ಸಾಯಿಸಬೇಡಿ. ಅದು ಗುಲಗಂಜಿ ಹುಳುವಿನ ಮರಿ. ನೋಡಲು ಭಯ ಆಗುತ್ತದೆ ಅಂತ ಎಷ್ಟೋ ಜನ ಹೊಸಕಿ ಹಾಕುತ್ತಾರೆ, ನನಗೆ ಅದೇ ಬೇಜಾರು. ಹಾಗೆಯೇ ಕಂದುಬಣ್ಣಕ್ಕೆ ತಿರುಗಿ ಉಬ್ಬಿಕೊಂಡು ಅಲುಗಾಡದ ಹೇನುಗಳನ್ನೂ ಎಲೆಯ ಮೇಲೆಯೇ ಬಿಡಿ. ಅವುಗಳ ಒಳಗೆ ಸಣ್ಣ ಕಣಜದ ಮರಿ ಬೆಳೆಯುತ್ತಿರುತ್ತದೆ. ಇವೆರಡೂ ಕಂಡ ಬಳ್ಳಿಗೆ ಸದ್ಯಕ್ಕೆ ಬೇವಿನ ಎಣ್ಣೆಯೂ ಬೇಡ, ಒಂದು ವಾರ ಕಾದು ನೋಡಿ.

ಪ್ರಶ್ನೆ ಕೇಳಿದವರು: ಈಗಷ್ಟೇ ನೋಡಿ ಬಂದೆ. ಮೆಣಸಿನ ಎಲೆ ಕೆಳಗೆ ಬಾಗಿದೆ. ಅಲಸಂದೆಯಲ್ಲಿ ಇರುವೆ ಸಾಲುಸಾಲು ಇದೆ, ನೀವು ಹೇಳಿದ ಕಪ್ಪು ಹುಳುವೂ ಎರಡಿವೆ, ಮುಟ್ಟಲಿಲ್ಲ. ಬದನೆಗೆ ನಾಳೆ ಬೆಳಗ್ಗೆಯೇ ಕತ್ತರಿ ಹಿಡಿಯುತ್ತೇನೆ. ಇರುವೆ ಬಳ್ಳಿ ಹತ್ತದ ಹಾಗೆ ಯಾರಾದರೂ ಏನಾದರೂ ಮಾಡಿದ್ದೀರಾ?

ಉತ್ತರ: ಬಳ್ಳಿಗೆ ಕೊಟ್ಟ ಕೋಲಿನ ಬುಡಕ್ಕೆ ಅಗಲವಾದ ಟೇಪ್ ಸುತ್ತಿ, ಅದರ ಮೇಲೆ ದಪ್ಪಗೆ ಗ್ರೀಸ್ ಬಳಿಯಿರಿ. ಗಿಡದ ಕಾಂಡಕ್ಕೆ ನೇರವಾಗಿ ಗ್ರೀಸ್ ತಾಗಬಾರದು. ಪಕ್ಕದ ಗಿಡದ ಎಲೆ ಬಳ್ಳಿಗೆ ತಾಗುತ್ತಿದ್ದರೆ ಅದನ್ನೂ ಸವರಿ, ಇಲ್ಲದಿದ್ದರೆ ಆ ದಾರಿಯಲ್ಲಿ ಹತ್ತುತ್ತವೆ.